ನೆಲದ ಭಾರವನ್ನು ಎತ್ತುವ ಬಗೆ

ನಮ್ಮ ವಾಚನಾಲಯಕ್ಕೆ ಸಾಯಂಕಾಲ ಬರುವ ತರುಣರಲ್ಲಿ ಈಚೆಗೆ ವ್ಯಾಯಾಮಶಾಲೆಗೆ ಹೋಗುವವರು ಹೆಚ್ಚಾಗಿದ್ದಾರೆ. ಸಂತೋಷದ ಸಂಗತಿಯೇ. ದಿನಪತ್ರಿಕೆಯ ಕ್ರೀಡಾಪುಟ ಮುಗಿದ ಮೇಲೆ ಅವರ ಮಾತು ಯಾರು ಎಷ್ಟು ಕಿಲೋ ಎತ್ತಿದರು ಎಂಬುದರ ಸುತ್ತಲೇ ತಿರುಗುತ್ತದೆ. ಅದರಲ್ಲಿಯೂ ‘ಡೆಡ್‌ಲಿಫ್ಟ್’ ಎಂಬ ಒಂದು ಕಸರತ್ತಿನ ಹೆಸರು ಪದೇ ಪದೇ ಕಿವಿಗೆ ಬೀಳುತ್ತದೆ. ಅದರ ವಿಷಯವಾಗಿ ಏನಾದರೂ ಬರೆಯಿರೆಂದು ಹಲವರು ಕೇಳಿದ್ದರಿಂದಲೂ, ವ್ಯಾಯಾಮಶಾಲೆಯ ಮೆಟ್ಟಿಲನ್ನೇ ಹತ್ತದೆ ದಿನವೂ ಇದೇ ಕಸರತ್ತನ್ನು ಹೊಟ್ಟೆಪಾಡಿಗಾಗಿ ಮಾಡುತ್ತಿರುವ ಸದಸ್ಯರು ನಮ್ಮಲ್ಲಿ ಅನೇಕರಿರುವುದರಿಂದಲೂ ಈ ಲೇಖನ.

ಹೆಸರು ಕೇಳಿ ಬೆದರಬೇಕಾಗಿಲ್ಲ. ‘ಡೆಡ್’ ಎಂದರೆ ಇಲ್ಲಿ ಎತ್ತುವವನು ಸಾಯುತ್ತಾನೆಂದಲ್ಲ. ಭಾರವು ಜಡವಾಗಿ, ಅಲುಗದೆ ನೆಲದ ಮೇಲೆ ಬಿದ್ದಿದೆ ಎಂದು ಅರ್ಥ. ಅದನ್ನು ಎರಡು ಕೈಗಳಿಂದ ಹಿಡಿದು, ನೆಟ್ಟಗೆ ನಿಲ್ಲುವವರೆಗೆ ಎತ್ತಿ, ಮತ್ತೆ ನೆಲಕ್ಕೆ ಇಡುವುದು, ಇಷ್ಟೇ. ಹೆಗಲಿಗೆ ಏರಿಸುವುದಿಲ್ಲ, ತಲೆಯ ಮೇಲಕ್ಕೆ ಒಯ್ಯುವುದಿಲ್ಲ. ನಮ್ಮ ಕಡೆಯ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳನ್ನು ಕಂಡವರಿಗೆ ಇದು ತೀರ ಹೊಸದೂ ಅಲ್ಲ. ಕರಾವಳಿಯ ಮಿತ್ರರು ಕುಂದಾಪುರ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿಯವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಅವರು ೨೦೧೮ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ೫೬ ಕಿಲೋ ವರ್ಗದಲ್ಲಿ ಒಟ್ಟು ೨೪೯ ಕಿಲೋ ಎತ್ತಿ ಬೆಳ್ಳಿ ಗೆದ್ದರು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚು ತಂದರು. ಅವರದು ಒಲಿಂಪಿಕ್ ಪದ್ಧತಿ. ಅಲ್ಲಿ ಭಾರ ತಲೆಯ ಮೇಲೆ ಹೋಗಿ ನಿಲ್ಲಬೇಕು. ಆದರೆ ಅಲ್ಲಿಯೂ ಮೊದಲ ಕೆಲಸವೆಂದರೆ ರಾಡನ್ನು ನೆಲದಿಂದ ಬಿಡಿಸುವುದೇ.

ಕಳೆದ ಮಳೆಗಾಲದಲ್ಲಿ ನಮ್ಮ ತರುಣ ಮಿತ್ರರೊಬ್ಬರು, ಗೋದಾಮಿನಲ್ಲಿ ದಿನಗೂಲಿಯವರು, ಗೆಳೆಯರ ಪಂತಕ್ಕೆ ಬಿದ್ದರು. ಹಿಂದಿನ ವಾರ ೮೦ ಕಿಲೋ ಎತ್ತಿದ್ದವರು ಒಮ್ಮೆಗೇ ೧೨೦ಕ್ಕೆ ಕೈ ಹಾಕಿದರು. ರಾಡು ಮೊಣಕಾಲಿನವರೆಗೆ ಬಂತು. ಅಲ್ಲಿಂದ ಮೇಲಕ್ಕೆ ಬಂದದ್ದು ಕೂಗು ಮಾತ್ರ. ಮೂರು ವಾರ ಮಲಗಿದರು. ತಿಂಗಳ ಪಗಾರ ಎಣಿಸುವ ನಮ್ಮಂಥ ಗುಮಾಸ್ತರಿಗೆ ಮೂರು ವಾರವೆಂದರೆ ಒಂದು ರಜೆಯ ಅರ್ಜಿ. ಅವರಿಗೆ ಅಷ್ಟೂ ದಿನದ ಕೂಲಿ ಇಲ್ಲ, ಊರಿಗೆ ಹೋಗಬೇಕಾದ ಹಣ ಹೋಗಲಿಲ್ಲ, ಖೋಲಿಯ ಬಾಡಿಗೆಗೆ ಸಾಲ. ಈಗ ಹುಷಾರಾಗಿದ್ದಾರೆ. ಆ ಸಮಯದಲ್ಲಿ ಕೆಲವು ಹಿರಿಯರು, ಈ ಕಸರತ್ತೇ ಕೆಟ್ಟದ್ದು, ಬಿಟ್ಟುಬಿಡಿ ಎಂದು ತೀರ್ಪು ಕೊಟ್ಟರು. ನಮ್ಮ ಅಭಿಪ್ರಾಯ ಹಾಗಿಲ್ಲ. ನೆಲದಿಂದ ಭಾರ ಎತ್ತುವುದನ್ನು ಬಿಟ್ಟು ಬದುಕುವ ಭಾಗ್ಯ ನಮ್ಮವರಲ್ಲಿ ಎಷ್ಟು ಜನರಿಗಿದೆ? ಹೋಟೆಲಿನಲ್ಲಿ ನೀರಿನ ಕ್ಯಾನು, ಮನೆಯಲ್ಲಿ ಗ್ಯಾಸಿನ ಸಿಲಿಂಡರು, ಗಿರಣಿಯಲ್ಲಿ ನೂಲಿನ ಚೀಲ, ಊರಿಗೆ ಹೋಗುವಾಗ ಟ್ರಂಕು. ಎತ್ತುವುದು ತಪ್ಪದು ಎಂದ ಮೇಲೆ ಅದನ್ನು ಕಲಿತು ಎತ್ತುವುದೇ ಲೇಸು.

ಮೊದಲು ಒಂದು ಲೆಕ್ಕ. ನಮ್ಮ ದೇಹ ಮುಂದಕ್ಕೆ ಬಾಗಿದಾಗ ಬೆನ್ನೆಲುಬು ಒಂದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಬೆನ್ನನ್ನು ಹಿಂದಕ್ಕೆಳೆಯುವ ಸ್ನಾಯುಗಳು ಬೆನ್ನುಮಣಿಗಳ ನಡುವಿನ ಮೆತ್ತೆಯಿಂದ ಸುಮಾರು ೫ ಸೆಂಟಿಮೀಟರು ಹಿಂದೆ ಇವೆ. ಕೈಯಲ್ಲಿಯ ಭಾರವಾದರೋ ಎಷ್ಟೋ ಮುಂದೆ ಇರುತ್ತದೆ. ೨೦ ಕಿಲೋ ತೂಕದ ನೀರಿನ ಕ್ಯಾನನ್ನು ಮೈಯಿಂದ ೪೦ ಸೆಂಟಿಮೀಟರು ದೂರ ಹಿಡಿದರೆ ಅದು ಸ್ನಾಯುಗಳಿಗಿಂತ ಎಂಟು ಪಟ್ಟು ದೂರವಾಯಿತು. ಆದ್ದರಿಂದ ಸ್ನಾಯುಗಳು ೨೦ರ ಎಂಟರಷ್ಟು, ಅಂದರೆ ೧೬೦ ಕಿಲೋದಷ್ಟು ಜಗ್ಗಬೇಕು. ಅದೇ ಕ್ಯಾನನ್ನು ೨೦ ಸೆಂಟಿಮೀಟರಿಗೆ ತಂದರೆ ೮೦ ಕಿಲೋ ಸಾಕು. ಮೇಲ್ಮೈಯ ಸ್ವಂತ ತೂಕದ ಲೆಕ್ಕ ಬೇರೆಯೇ ಉಂಟು, ಅದನ್ನು ಇಲ್ಲಿ ಹಿಡಿದಿಲ್ಲ. ಕ್ಯಾನಿನ ತೂಕ ಒಂದು ತೊಲೆಯೂ ಕಡಿಮೆಯಾಗಿಲ್ಲ, ಬೆನ್ನಿನ ಖರ್ಚು ಮಾತ್ರ ಅರ್ಧಕ್ಕಿಳಿಯಿತು. ನಮ್ಮ ಗಿರಣಿಯ ಹಿರಿಯ ಹಮಾಲರೊಬ್ಬರು ಹೊಸಬರಿಗೆ ಹೇಳುವ ಮಾತು ಇದೇ: “ಚೀಲಾ ಮೈಗೆ ಹತ್ತಿಸಿಕೋ ತಮ್ಮಾ, ದೂರ ಹಿಡದರ ಅದೇ ನಿನ್ನ ಎತ್ತತೈತಿ.” ಅವರು ಸನ್ನೆಗೋಲಿನ ಪಾಠ ಓದಿದವರಲ್ಲ.

ಎರಡನೆಯದು ಬಾಗುವ ರೀತಿ. ‘ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಡಿ’ ಎಂದು ಕಾರ್ಖಾನೆಗಳ ಗೋಡೆಗಳ ಮೇಲೆ ಚಿತ್ರ ಸಹಿತ ಬರೆದಿರುತ್ತಾರೆ. ಅರ್ಧ ಸತ್ಯ. ಅದನ್ನು ನಂಬಿ ಬಸ್ಕಿ ಹೊಡೆಯುವವರಂತೆ ಪೂರಾ ಕುಳಿತುಬಿಟ್ಟರೆ ಮೊಣಕಾಲುಗಳು ಮುಂದೆ ಬಂದು ಭಾರಕ್ಕೆ ಅಡ್ಡವಾಗುತ್ತವೆ. ಆಗ ಭಾರವನ್ನು ಮೊಣಕಾಲುಗಳ ಆಚೆಯಿಂದ, ದೂರದಿಂದಲೇ ಎಳೆಯಬೇಕಾಗುತ್ತದೆ. ಮಡಿಯಬೇಕಾದ ಮುಖ್ಯ ಸ್ಥಳ ಮೊಣಕಾಲೂ ಅಲ್ಲ, ಬೆನ್ನಿನ ನಡುವೂ ಅಲ್ಲ. ತೊಡೆಯು ದೇಹಕ್ಕೆ ಸೇರುವ ಸಂದು. ಬಾಗಿಲಿನ ತಿರುಗಣಿ ಇದ್ದ ಹಾಗೆ ಅದು. ಎರಡೂ ಕೈಯಲ್ಲಿ ಸಾಮಾನಿರುವಾಗ ಹಿಂದಿನ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುತ್ತೇವಲ್ಲ, ಸರಿಯಾಗಿ ಅದೇ ಚಲನೆ. ಊರಿನಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಅವರಲ್ಲಿ ಅನೇಕರು ಬೆನ್ನನ್ನು ಹಲಗೆಯಂತೆ ಇಟ್ಟು ತೊಡೆಯ ಸಂದಿನಲ್ಲಿಯೇ ಮಡಿಯುತ್ತಾರೆ. ಕುರ್ಚಿಯ ಮೇಲೆ ಎಂಟು ಗಂಟೆ ಕುಳಿತೇಳುವ ನಾವು ಆ ಬಾಗುವಿಕೆಯನ್ನು ಮರೆತಿದ್ದೇವೆ. ನೆಲಕ್ಕೆ ಬಿದ್ದ ಪೆನ್ಸಿಲನ್ನು ಎತ್ತಲೂ ಬೆನ್ನನ್ನು ಕಮಾನು ಮಾಡುತ್ತೇವೆ.

ಇದನ್ನು ಕಲಿಯಲು ದುಡ್ಡು ಬೇಡ, ಒಂದು ಕೋಲು ಸಾಕು. ಕಸಬರಿಗೆಯ ಹಿಡಿಯೂ ಆದೀತು. ಅದನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಎರಡು ಭುಜಗಳ ನಡುವೆ, ಬೆನ್ನೆಲುಬಿನ ಕೊನೆ, ಈ ಮೂರು ಕಡೆ ಕೋಲು ತಾಗಿರಬೇಕು. ಮೊಣಕಾಲುಗಳನ್ನು ಸ್ವಲ್ಪವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಬಾಗಿರಿ. ಮೂರರಲ್ಲಿ ಒಂದು ಕಡೆ ಕೋಲು ಮೈಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ತೊಡೆಯ ಹಿಂಭಾಗದಲ್ಲಿ ಎಳೆತ ಗೊತ್ತಾದರೆ ಸರಿಯಾದ ದಾರಿಯಲ್ಲಿದ್ದೀರಿ. ದಿನಕ್ಕೆ ಇಪ್ಪತ್ತು ಸಲದಂತೆ ಎರಡು ವಾರ ಇದನ್ನು ಮಾಡದ ಹೊರತು ರಾಡನ್ನು ಮುಟ್ಟಬಾರದೆಂದು ನಮ್ಮ ಖಚಿತ ಸಲಹೆ. ತರುಣರಿಗೆ ಇದು ರುಚಿಸುವುದಿಲ್ಲ, ಬಲ್ಲೆವು.

ಇನ್ನು ರಾಡಿನ ಬಳಿಗೆ ಬರೋಣ. ಪಾದಗಳು ಸೊಂಟದಷ್ಟು ಅಗಲ. ಬೆರಳು ತುಸು ಹೊರಕ್ಕೆ ತಿರುಗಿದರೆ ಅಡ್ಡಿಯಿಲ್ಲ. ರಾಡು ಪಾದದ ಸರಿಮಧ್ಯದ ಮೇಲೆ, ಬೂಟಿನ ಲಾಡಿಯ ಗಂಟಿನ ನೇರಕ್ಕೆ ಬರಬೇಕು. ನಿಂತಾಗ ಕಾಲೆಲುಬಿಗೂ ರಾಡಿಗೂ ಒಂದು ಅಂಗುಲದ ಅಂತರ ಉಳಿಯುತ್ತದೆ. ಹೊಸಬರು ಇದಕ್ಕಿಂತ ಮುಂದೆ ಇಟ್ಟುಕೊಳ್ಳುತ್ತಾರೆ. ಮೇಲಿನ ಲೆಕ್ಕವನ್ನು ಓದಿದವರಿಗೆ ಅದರ ದಂಡ ಎಷ್ಟೆಂದು ಹೇಳಬೇಕಾಗಿಲ್ಲ. ಈಗ ತೊಡೆಯ ಸಂದಿನಿಂದ ಬಾಗಿ, ಕಾಲುಗಳ ಹೊರಮಗ್ಗುಲಿಗೆ ತಾಗುವಂತೆ ರಾಡನ್ನು ಹಿಡಿಯಿರಿ. ಹಿಡಿದ ಮೇಲೆ ರಾಡನ್ನು ಅಲುಗಿಸದೆ, ಕಾಲೆಲುಬು ಅದಕ್ಕೆ ತಾಗುವಷ್ಟು ಮಾತ್ರ ಮೊಣಕಾಲು ಮಡಿಸಿರಿ. ಅಷ್ಟೇ ಸಾಕು, ಇನ್ನೂ ಕೆಳಗೆ ಕೂಡ್ರಬೇಡಿ. ಎದೆಯನ್ನು ಮುಂದಕ್ಕೆ ಚಾಚಿರಿ. ಬೆನ್ನು ತಾನೇ ಹದಕ್ಕೆ ಬರುತ್ತದೆ. ಭುಜಗಳು ರಾಡಿಗಿಂತ ಕೂದಲೆಳೆಯಷ್ಟು ಮುಂದಿರುತ್ತವೆ. ಕಣ್ಣು ಎರಡು ಮೂರು ಮಾರು ದೂರದ ನೆಲದ ಮೇಲಿರಲಿ. ಕನ್ನಡಿಯಲ್ಲಿ ಮೋರೆ ನೋಡಿಕೊಳ್ಳುತ್ತ ಕತ್ತನ್ನು ಹಿಂದಕ್ಕೆ ಮುರಿಯುವ ಚಾಳಿ ಒಳ್ಳೆಯದಲ್ಲ.

ಇದಾದ ಮೇಲೆ ಉಸಿರು. ಎದೆಗೆ ಅಲ್ಲ, ಹೊಟ್ಟೆಯೊಳಕ್ಕೆ ಉಸಿರೆಳೆದು, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆಂಬಂತೆ ಸುತ್ತಲೂ ಬಿಗಿಹಿಡಿಯಬೇಕು. ಗಾಳಿ ತುಂಬಿದ ಟೈರು ಲಾರಿಯ ಭಾರ ತಡೆಯುವಂತೆ ಬಿಗಿಯಾದ ಹೊಟ್ಟೆ ಬೆನ್ನೆಲುಬಿಗೆ ಮುಂದಿನಿಂದ ಆಸರೆ ಕೊಡುತ್ತದೆ. ಅನಂತರ ರಾಡನ್ನು ಒಮ್ಮೆಲೇ ಜಗ್ಗಬಾರದು. ರಾಡಿಗೂ ಪ್ಲೇಟಿನ ತೂತಿಗೂ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಮೊದಲು ಕೈಗಳನ್ನು ಹಗ್ಗದಂತೆ ನೆಟ್ಟಗೆ ಬಿಗಿದು ಆ ಸಡಿಲವನ್ನು ತೆಗೆಯಬೇಕು. ‘ಟಕ್’ ಎಂದು ಸಣ್ಣ ಸದ್ದು ಕೇಳಿಸುತ್ತದೆ. ಆಮೇಲೆ ಭಾರವನ್ನು ಮೇಲಕ್ಕೆ ಎಳೆಯುತ್ತೇನೆಂದು ಭಾವಿಸದೆ, ಪಾದಗಳಿಂದ ನೆಲವನ್ನು ಕೆಳಕ್ಕೆ ತಳ್ಳುತ್ತೇನೆಂದು ಭಾವಿಸಿ ಏಳಿರಿ. ರಾಡು ಕಾಲಿಗೆ ಉಜ್ಜಿಕೊಂಡೇ ಬರಬೇಕು. ಪೃಷ್ಠವೂ ಭುಜಗಳೂ ಒಟ್ಟಿಗೆ ಏಳಬೇಕು. ಪೃಷ್ಠ ಮೊದಲು ಎದ್ದು ಭುಜಗಳು ಕೆಳಗೇ ಉಳಿದರೆ ಎಲ್ಲ ಹೊರೆಯೂ ಬೆನ್ನಿಗೇ ಬಿತ್ತೆಂದು ತಿಳಿಯಿರಿ. ಹೊಸಬರಲ್ಲಿ ನಾವು ಅತಿ ಹೆಚ್ಚಾಗಿ ಕಾಣುವ ತಪ್ಪು ಇದು. ರಾಡು ಮೊಣಕಾಲು ದಾಟಿದ ಮೇಲೆ ಪೃಷ್ಠವನ್ನು ಮುಂದಕ್ಕೆ ತಂದು ನೆಟ್ಟಗೆ ನಿಂತರೆ ಮುಗಿಯಿತು. ಅಲ್ಲಿಂದ ಹಿಂದಕ್ಕೆ ವಾಲುವುದು ಬರಿಯ ಆಡಂಬರ. ಇಳಿಸುವಾಗಲೂ ಪೃಷ್ಠ ಮೊದಲು ಹಿಂದಕ್ಕೆ. ರಾಡು ಮೊಣಕಾಲಿನ ಕೆಳಗೆ ಬಂದ ಮೇಲೆಯೇ ಮೊಣಕಾಲು ಮಡಿಸಬೇಕು. ನೆಲದ ಮೇಲೆ ಪೂರ್ತಿ ನಿಂತ ಬಳಿಕ ಹೊಸ ಉಸಿರು, ಹೊಸ ಎತ್ತುವಿಕೆ. ಚೆಂಡಿನಂತೆ ಪುಟಿಸಿ ಎಣಿಕೆ ಹೆಚ್ಚಿಸುವುದು ನಮ್ಮನ್ನು ನಾವೇ ಮೋಸಗೊಳಿಸಿಕೊಂಡಂತೆ.

ಒಂದು ಸಣ್ಣ ವಿಷಯವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಸ್ಪರ್ಧೆಯಲ್ಲಿ ಬಳಸುವ ದೊಡ್ಡ ಪ್ಲೇಟಿನ ಅಡ್ಡಳತೆ ೪೫ ಸೆಂಟಿಮೀಟರು. ಆದ್ದರಿಂದ ರಾಡು ನೆಲದಿಂದ ಸುಮಾರು ೨೨ ಸೆಂಟಿಮೀಟರು ಎತ್ತರದಲ್ಲಿರುತ್ತದೆ. ನಮ್ಮ ಬಡಾವಣೆಗಳ ಸಣ್ಣ ವ್ಯಾಯಾಮಶಾಲೆಗಳಲ್ಲಿ ಇರುವುದು ಚಿಕ್ಕ ಕಬ್ಬಿಣದ ಪ್ಲೇಟುಗಳು. ಅವುಗಳನ್ನು ಹಾಕಿದ ರಾಡು ಎಷ್ಟೋ ಕೆಳಗೆ ಬಿದ್ದಿರುತ್ತದೆ, ಅದಕ್ಕೆ ಕೈ ಮುಟ್ಟಿಸಲು ಹೋಗಿಯೇ ಬೆನ್ನು ಕಮಾನಾಗುತ್ತದೆ. ತಪ್ಪು ಎತ್ತುವವನದಲ್ಲ. ಎರಡು ಬದಿಗೂ ಮರದ ದಿಮ್ಮಿಯನ್ನೋ ಬೇರೆ ಪ್ಲೇಟುಗಳನ್ನೋ ಕೆಳಗೆ ಹಾಕಿ ರಾಡನ್ನು ಎತ್ತರಿಸಿಕೊಳ್ಳಬೇಕು. ಕಾಲಿಗೆ ಓಡುವವರ ಮೆತ್ತನೆಯ ಬೂಟು ಬೇಡ. ಸಪಾಟಾದ ಕ್ಯಾನ್‌ವಾಸ್ ಬೂಟು ಉತ್ತಮ. ಹಿಡಿತ ಜಾರುವವರು ಒಂದು ಅಂಗೈ ಒಳಮುಖ, ಒಂದು ಹೊರಮುಖ ಮಾಡಿ ಹಿಡಿಯುವುದುಂಟು. ಹಾಗೆ ಹಿಡಿದಾಗ ಮೊಣಕೈ ಸ್ವಲ್ಪವೂ ಮಡಿಯಬಾರದು, ತೋಳಿನ ಸ್ನಾಯು ಹರಿದೀತು. ಮೊದಲ ಕೆಲವು ತಿಂಗಳು ಎರಡೂ ಅಂಗೈ ಒಳಮುಖವಾಗಿಯೇ ಇರಲಿ. ಕೈಯ ಬಲವೂ ಬೆಳೆದೀತು.

ಶಕ್ತಿ ಬೆಳೆಸುವ ಕ್ರಮ ನಮ್ಮಂಥ ಲೆಕ್ಕದವರಿಗೆ ಬಹಳ ಹಿಡಿಸುವಂಥದು. ವಾರಕ್ಕೆ ಎರಡು ದಿನ, ದಿನಕ್ಕೆ ಐದೈದರ ಮೂರು ಸರದಿ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಪೂರ್ಣ ಅಳತೆಯ ಖಾಲಿ ರಾಡೇ ೨೦ ಕಿಲೋ ತೂಗುತ್ತದೆ. ೪೦ ಕಿಲೋದಿಂದ ಪ್ರಾರಂಭಿಸಿ ವಾರಕ್ಕೆ ಎರಡೂವರೆ ಕಿಲೋ ಏರಿಸಿದರೆ ಹನ್ನೆರಡು ವಾರಕ್ಕೆ ೭೦. ಇದು ನಿಧಾನವಾಯಿತೆಂದು ಮೂಗು ಮುರಿಯುವವರಿಗೆ ಒಂದು ಮಾತು. ಮೊದಲ ವಾರಗಳಲ್ಲಿ ಶಕ್ತಿ ಬೇಗ ಹೆಚ್ಚುವುದು ಸ್ನಾಯು ದಪ್ಪವಾದದ್ದರಿಂದಲ್ಲ, ಇದ್ದ ಸ್ನಾಯುಗಳನ್ನು ಒಟ್ಟಾಗಿ ದುಡಿಸಲು ನರಗಳು ಕಲಿತದ್ದರಿಂದ. ಸ್ನಾಯು ಬೆಳೆಯಲು ತಿಂಗಳುಗಳು ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ತಂತುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಎತ್ತಬಲ್ಲೆನೆಂದು ಮನಸ್ಸು ಹೇಳಿದ ಭಾರಕ್ಕೆ ತಂತುಗಳು ಇನ್ನೂ ಸಹಿ ಹಾಕಿರುವುದಿಲ್ಲ. ಐದು ಸಲದಲ್ಲಿ ಕೊನೆಯದರ ರೂಪ ಮೊದಲನೆಯದರಂತೆ ಇರದಿದ್ದರೆ ಮುಂದಿನ ವಾರ ಏರಿಸಬಾರದು. ಎರಡು ವಾರ ಹಾಗೆಯೇ ಆದರೆ ಹತ್ತರಲ್ಲಿ ಒಂದು ಪಾಲು ಇಳಿಸಿ ಪುನಃ ಏರಬೇಕು. ಒಂದು ವಹಿಯಲ್ಲಿ ದಿನಾಂಕ, ಭಾರ, ಎಣಿಕೆ ಬರೆದಿಡಿ. ಜ್ಞಾಪಕಶಕ್ತಿ ಯಾವಾಗಲೂ ಐದು ಕಿಲೋ ಹೆಚ್ಚೇ ಹೇಳುತ್ತದೆ.

ಎಲ್ಲರ ಮೈಕಟ್ಟೂ ಒಂದೇ ಅಲ್ಲ. ಉದ್ದ ಕೈಗಳವರಿಗೆ ಈ ಕಸರತ್ತು ಸುಲಭ, ಗಿಡ್ಡ ಕೈಯವರಿಗೆ ಕಷ್ಟ. ಅಮೆರಿಕದ ಲಮಾರ್ ಗ್ಯಾಂಟ್ ಎಂಬವರು ೧೯೮೫ರಲ್ಲಿ, ತಮ್ಮ ದೇಹದ ತೂಕ ಸುಮಾರು ೬೦ ಕಿಲೋ ಇದ್ದಾಗ, ಅದರ ಐದು ಪಟ್ಟು, ಅಂದರೆ ೩೦೦ ಕಿಲೋ ಎತ್ತಿದರು. ಅವರ ಬೆನ್ನೆಲುಬು ಪಕ್ಕಕ್ಕೆ ಡೊಂಕಾಗಿತ್ತು! ಇಂಗ್ಲೆಂಡಿನ ಎಡ್ಡಿ ಹಾಲ್ ೨೦೧೬ರಲ್ಲಿ ೫೦೦ ಕಿಲೋ ಎತ್ತಿದ ಮೊದಲಿಗರಾದರು. ಎತ್ತಿ ಇಳಿಸುತ್ತಲೇ ಮೂಗಿನಿಂದ ರಕ್ತ ಸುರಿದು ಕುಸಿದರು. ೨೦೨೦ರಲ್ಲಿ ಐಸ್‌ಲೆಂಡಿನ ಹಾಫ್‌ಥೋರ್ ಬ್ಯೋರ್ನ್‌ಸನ್ ೫೦೧ ಎತ್ತಿದರು. ಕೇಳಲು ರೋಮಾಂಚ. ಆದರೆ ಅವರ ಪಗಾರ ಅದರಲ್ಲೇ ಬರುತ್ತಿತ್ತು, ನಮ್ಮದು ಮರುದಿನದ ಪಾಳಿಯಲ್ಲಿ ಬರುತ್ತದೆ.

ದಿನವೂ ಹೊರೆ ಹೊರುವ ಬಂಧುಗಳಿಗೆ ಬೇರೆಯಾಗಿಯೇ ಹೇಳಬೇಕಾದದ್ದಿದೆ. ಚೀಲಕ್ಕೆ ರಾಡಿನಂತೆ ಹಿಡಿಯಿಲ್ಲ. ಮಲಗಿದ ಚೀಲವನ್ನು ಮೊದಲು ನಿಲ್ಲಿಸಿಕೊಳ್ಳಿ. ಒಂದು ಪಾದ ಮುಂದೆ, ಒಂದು ಹಿಂದೆ ಇಟ್ಟು ಚೀಲವನ್ನು ಕಾಲುಗಳ ನಡುವಿಗೆ ತನ್ನಿ. ಮೊದಲು ತೊಡೆಯ ಮೇಲೆ, ಅಲ್ಲಿಂದ ಎದೆಗೆ. ತಿರುಗುವಾಗ ಪಾದಗಳನ್ನು ತಿರುಗಿಸಿ, ಸೊಂಟವನ್ನು ತಿರುಚಬೇಡಿ. ಸಂಜೆ ವ್ಯಾಯಾಮಶಾಲೆಗೆ ಹೋಗುವ ಹುರುಪಿದ್ದರೆ, ಮುನ್ನೂರು ಚೀಲ ಇಳಿಸಿದ ದಿನ ಡೆಡ್‌ಲಿಫ್ಟ್ ಮಾಡಬಾರದು. ಅಂದಿನ ಸರದಿ ಆಗಲೇ ಮುಗಿದಿದೆ.

ಮೇಲಾಗಿ, ಕಲಿತು ಎತ್ತಿದರೆ ಎಷ್ಟು ಭಾರವಾದರೂ ಸರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎತ್ತುವ ರೀತಿಯನ್ನು ಕೆಲಸಗಾರರಿಗೆ ಕಲಿಸಿದ್ದರಿಂದ ಮಾತ್ರವೇ ಬೆನ್ನುನೋವು ಕಡಿಮೆಯಾಯಿತೇ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯವರು ೨೦೧೧ರಲ್ಲಿ ಪರಿಶೀಲಿಸಿದಾಗ, ಕಡಿಮೆಯಾದದ್ದಕ್ಕೆ ಆಧಾರ ಸಿಗಲಿಲ್ಲ. ಬೋಧನೆ ಕೈಗಾಡಿಯ ಬದಲಿಗೆ ಬರುವಂಥದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೬೭ರಲ್ಲಿಯೇ, ಪ್ರಾಯದ ಗಂಡಾಳು ಒಬ್ಬನೇ ಹೊರುವ ಭಾರ ೫೫ ಕಿಲೋ ಮೀರಿದ್ದರೆ ಅದನ್ನು ಬೇಗನೆ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದ ೧೯೪೮ರ ಕಾರ್ಖಾನೆ ಕಾಯಿದೆಯ ೩೪ನೆಯ ಕಲಮು, ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು ವಿಧಿಸಿತ್ತು. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸರಕಾರಿ ಸಂಸ್ಥೆ ೧೯೯೧ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗಿನ ಮಿತಿ ೨೩ ಕಿಲೋ ಮಾತ್ರ. ಭಾರ ದೂರವಿದ್ದರೆ, ಕೆಳಗಿದ್ದರೆ, ತಿರುಚಿ ಎತ್ತಬೇಕಾದರೆ, ಮತ್ತೆ ಮತ್ತೆ ಎತ್ತಬೇಕಾದರೆ ಇನ್ನೂ ಇಳಿಯುತ್ತದೆ. ಸಿಮೆಂಟಿನ ಒಂದು ಚೀಲ ೫೦ ಕಿಲೋ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ಜೊತೆಗೊಬ್ಬರನ್ನು ಕರೆಯುವುದಕ್ಕೆ, ಕೈಗಾಡಿ ಕೇಳುವುದಕ್ಕೆ ನಾಚಬೇಕಾಗಿಲ್ಲ. ಮಾಲೀಕರು ಕೈಗಾಡಿಯ ಬದಲು ಸೊಂಟಪಟ್ಟಿ ಕೊಟ್ಟರೆ ಅದೂ ಸಾಲದು; ಗಾಯವಿಲ್ಲದ ಕೆಲಸಗಾರರಿಗೆ ಪಟ್ಟಿಯಿಂದ ರಕ್ಷಣೆ ಸಿಗುತ್ತದೆನ್ನಲು ಆಧಾರವಿಲ್ಲವೆಂದು ಅದೇ ಸಂಸ್ಥೆ ೧೯೯೪ರಲ್ಲಿ ಹೇಳಿತು.

ಮೊದಲ ಪಾಳಿಯವರು ಇನ್ನೊಂದು ಸಂಗತಿ ಗಮನಿಸಬೇಕು. ರಾತ್ರಿ ಮಲಗಿದಾಗ ಬೆನ್ನುಮಣಿಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಾಗಿರುತ್ತೇವೆ. ಆ ಹೊತ್ತಿನಲ್ಲಿ ಬಾಗಿದರೆ ಮೆತ್ತೆಗಳ ಮೇಲೆ ಒತ್ತಡ ಹೆಚ್ಚು. ಎದ್ದ ಮೊದಲ ಒಂದು ಗಂಟೆ ಭಾರ ಎತ್ತದಿರುವುದು ಒಳ್ಳೆಯದು. ನೀರಿನ ಕೊಡಗಳನ್ನು ರಾತ್ರಿಯೇ ತುಂಬಿಟ್ಟುಕೊಳ್ಳಿ. ಊಟದ ವಿಷಯದಲ್ಲಿ ಡಬ್ಬಿಯ ಪುಡಿಗಳಿಗೆ ಸಾಲ ಮಾಡುವುದು ಬೇಡ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಪ್ರೋಟೀನು ಉಂಟು. ಬೇಳೆ, ಹಾಲು, ಮೊಳಕೆಕಾಳು ಇದ್ದೇ ಇವೆ.

ಎತ್ತಿದ ಮರುದಿನ ತೊಡೆಯ ಹಿಂಭಾಗ, ಬೆನ್ನ ಸ್ನಾಯು ಜಡ್ಡುಗಟ್ಟಿದಂತಿದ್ದರೆ ಗಾಬರಿ ಬೇಡ. ಆದರೆ ನೋವು ಸೊಂಟದಿಂದ ಕಾಲಿನುದ್ದಕ್ಕೆ ಇಳಿದರೆ, ಪಾದ ಜುಮುಗುಟ್ಟಿದರೆ, ಭಾರವನ್ನು ಬಿಟ್ಟು ವೈದ್ಯರನ್ನು ಕಾಣಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಂತಾದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಾಸುಗಳ ವಿಳಂಬದಿಂದ ಶಾಶ್ವತ ಊನವಾಗಬಹುದು. ರಕ್ತದೊತ್ತಡ ಅಥವಾ ಹರ್ನಿಯಾ ಇರುವವರು ಉಸಿರು ಬಿಗಿಹಿಡಿಯುವ ಈ ಕಸರತ್ತನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮಾಡಲಾಗದು.

ಬಾಗುವುದನ್ನು ಪರೀಕ್ಷಿಸಿಕೊಳ್ಳುವವರಿಗಾಗಿ ವಾಚನಾಲಯದ ಕಪಾಟಿನ ಪಕ್ಕದಲ್ಲಿ ಒಂದು ಬೆತ್ತದ ಕೋಲು ಇರಿಸಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಂದರೆ ನಮ್ಮಲ್ಲಿ ಯಾರಾದರೊಬ್ಬರು ನೋಡಿ ಹೇಳುತ್ತೇವೆ. ಪತ್ರಿಕೆ ಓದುವವರಿಗೆ ತೊಂದರೆಯಾಗದಂತೆ ಹೊರಗಿನ ವರಾಂಡದಲ್ಲಿ ಮಾಡತಕ್ಕದ್ದು. ಕೋಲನ್ನು ಮರಳಿ ಅಲ್ಲಿಯೇ ಇಡತಕ್ಕದ್ದು.